ಬಡವರ ಅನುಮಾನಕ್ಕೆ ಗದರಿಕೆ, ದೊಡ್ಡವರ ಕಟ್ಟುಕಥೆಗೆ ಮೌನ: ನಮ್ಮ ಭಾಗದ ವಿಜ್ಞಾನಿಗಳಿಗೆ ಒಂದು ಬಹಿರಂಗ ಪತ್ರ

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ವಿಜ್ಞಾನ ಸಂಸ್ಥೆಗಳ ನಿರ್ದೇಶಕರಿಗೆ, ಕೃಷಿ ಸಂಶೋಧನಾ ಕೇಂದ್ರಗಳ ಹಾಗೂ ವಿಶ್ವವಿದ್ಯಾನಿಲಯದ ವಿಜ್ಞಾನ ವಿಭಾಗಗಳ ಮುಖ್ಯಸ್ಥರಿಗೆ,

ಮಾನ್ಯರೇ,

ಪ್ರತಿ ವರ್ಷ ಫೆಬ್ರುವರಿ 28ರ ವಿಜ್ಞಾನ ದಿನದಂದು ನಿಮ್ಮಲ್ಲಿ ಹಲವರ ಭಾಷಣಗಳನ್ನು ಕೇಳುತ್ತೇನೆ, ಮರುದಿನ ಪತ್ರಿಕೆಯಲ್ಲಿ ಓದುತ್ತೇನೆ. ಜನರಲ್ಲಿ ವೈಜ್ಞಾನಿಕ ಮನೋಭಾವ ಕುಗ್ಗುತ್ತಿದೆ, ಮೊಬೈಲಿಗೆ ಬಂದದ್ದನ್ನೆಲ್ಲ ನಂಬುತ್ತಾರೆ, ಲಸಿಕೆಗೆ ಹೆದರುತ್ತಾರೆ, ಗ್ರಹಣಕ್ಕೆ ಬಾಗಿಲು ಹಾಕಿಕೊಳ್ಳುತ್ತಾರೆ ಎಂಬ ನೋವು ಆ ಮಾತುಗಳಲ್ಲಿ ಇರುತ್ತದೆ. ಸಂವಿಧಾನದ 51ಎ(ಎಚ್) ವಿಧಿಯನ್ನೂ ನೆನಪಿಸುತ್ತೀರಿ. ಆ ನೋವು ನನಗೂ ಇದೆ. ಆದರೆ 1976ರ 42ನೇ ತಿದ್ದುಪಡಿಯಲ್ಲಿ ಸೇರಿದ ಆ ವಿಧಿ ವೈಜ್ಞಾನಿಕ ಮನೋಭಾವದ ಜತೆಗೆ ಮಾನವೀಯತೆಯನ್ನೂ ಪ್ರಶ್ನಿಸುವ ಗುಣವನ್ನೂ ಕರ್ತವ್ಯವೆಂದು ಹೇಳಿದೆ. ಪ್ರಶ್ನಿಸುವ ಗುಣ ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿದೆ. ಪ್ರಶ್ನೆಯನ್ನು ಯಾರ ಬಳಿಗೆ ಒಯ್ಯಬೇಕೆಂಬುದು ಮಾತ್ರ ಜನರಿಗೆ ತಿಳಿಯುತ್ತಿಲ್ಲ.

ನಾನು ಶ್ರೀರಂಗಪಟ್ಟಣ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಊರಿನಲ್ಲಿ ವಿಜ್ಞಾನದ ಪರವಾಗಿ ವಾದಿಸುವುದೂ ನನ್ನ ಕೆಲಸದ ಭಾಗವೇ ಆಗಿಬಿಟ್ಟಿದೆ. ಆ ವಾದಗಳ ನಡುವೆ ಒಂದು ಸಂಗತಿ ವರ್ಷದಿಂದ ವರ್ಷಕ್ಕೆ ನಿಚ್ಚಳವಾಗುತ್ತ ಬಂದಿದೆ. ಪಡಿತರದ ಸಾಲಿನಲ್ಲಿ ನಿಂತವರು ಅನುಮಾನಪಟ್ಟರೆ ನಮ್ಮ ವಿದ್ಯಾವಂತ ವಲಯ ಅದನ್ನು ಮೌಢ್ಯವೆಂದು ಗದರುತ್ತದೆ. ವೇದಿಕೆಯ ಮೇಲೆ ಕುಳಿತವರು ವಿಜ್ಞಾನದ ಹೆಸರಿನಲ್ಲಿ ಆಧಾರವಿಲ್ಲದ್ದನ್ನು ಹೇಳಿದರೆ ಅದೇ ವಲಯ ತುಟಿ ಬಿಚ್ಚುವುದಿಲ್ಲ. ಜನ ಇದನ್ನು ಗಮನಿಸಿದ್ದಾರೆ. ವಿಜ್ಞಾನದ ಮೇಲಿನ ವಿಶ್ವಾಸ ಕುಸಿಯುತ್ತಿರುವುದಕ್ಕೆ ಇದು ಬಹು ದೊಡ್ಡ ಕಾರಣ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಪತ್ರ ಬರೆಯುತ್ತಿರುವುದೂ ಅದನ್ನು ಹೇಳುವುದಕ್ಕೇ.

ಮೊದಲು ಅಕ್ಕಿಯ ವಿಷಯ. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಒಂದು ಮಧ್ಯಾಹ್ನ ಶಾಲೆಗೆ ಬಂದರು. ಕೈಯಲ್ಲಿ ಕಾಗದದ ಪೊಟ್ಟಣವಿತ್ತು. ಬಿಚ್ಚಿ ಮೇಜಿನ ಮೇಲೆ ಸುರಿದರು. ಪಡಿತರ ಅಕ್ಕಿಯನ್ನು ಮೊರಕ್ಕೆ ಹಾಕಿ, ಅನುಮಾನ ಬಂದ ಕಾಳುಗಳನ್ನು ಒಂದೊಂದಾಗಿ ಆರಿಸಿ ತಂದಿದ್ದರು. ಉಳಿದ ಅಕ್ಕಿಗಿಂತ ತುಸು ಬೇರೆ ಬಣ್ಣ, ನುಣುಪಾದ ಮೈ, ಎಲ್ಲವೂ ಒಂದೇ ಅಳತೆ. “ಮೇಡಂ, ತೊಳೆಯುವಾಗ ಇವು ಮಾತ್ರ ಮೇಲೆ ತೇಲುತ್ತವೆ. ಪ್ಲಾಸ್ಟಿಕ್ ಅಕ್ಕಿ ಎನ್ನುತ್ತಿದ್ದಾರೆ. ಅಂಗಡಿಯಲ್ಲಿ ಕೇಳಿದರೆ, ಪುಕ್ಕಟೆ ಅಕ್ಕಿಗೆ ಇಷ್ಟೊಂದು ಪ್ರಶ್ನೆಯೇ ಎಂದು ಬೈದರು. ನೀವೇ ನೋಡಿ ಹೇಳಿ” ಎಂದರು.

ಆ ತಾಯಿ ಮಾಡಿದ್ದೇನೆಂದು ದಯವಿಟ್ಟು ನೋಡಿ. ವ್ಯತ್ಯಾಸವನ್ನು ಕಂಡರು, ಮಾದರಿಯನ್ನು ಬೇರ್ಪಡಿಸಿದರು, ಅದರ ಗುಣವನ್ನು ಗುರುತಿಸಿದರು, ಕೇಳಿದ ಸುದ್ದಿಯನ್ನು ನಂಬುವ ಮೊದಲು ತಿಳಿದವರ ಹತ್ತಿರ ತಂದರು. ಪ್ರಯೋಗಾಲಯದಲ್ಲಿ ನಾವು ಮಕ್ಕಳಿಗೆ ಕಲಿಸುವುದೂ ಇದನ್ನೇ. ಇಷ್ಟನ್ನು ಮಾಡಿದವರಿಗೆ ಸಿಕ್ಕಿದ್ದು ಬೈಗುಳ.

ಎರಡು ಕಾಳನ್ನು ಪುಡಿಮಾಡಿ, ಪಿಷ್ಟದ ಪರೀಕ್ಷೆಗೆಂದು ಶಾಲೆಯಲ್ಲಿ ಇಟ್ಟಿರುವ ಅಯೋಡಿನ್ ದ್ರಾವಣದ ಒಂದು ಹನಿಯನ್ನು ಅದರ ಮೇಲೆ ಬಿಟ್ಟೆ. ಕಡುನೀಲಿಗೆ ತಿರುಗಿತು. ಪಕ್ಕದಲ್ಲಿ ಸಾಧಾರಣ ಅಕ್ಕಿಯ ಪುಡಿಗೂ ಒಂದು ಹನಿ ಹಾಕಿದೆ, ಅದೂ ನೀಲಿಯಾಯಿತು. ಹಳೆಯ ಪೆನ್ನಿನ ಮುಚ್ಚಳದ ಮೇಲೂ ಒಂದು ಹನಿ ಬಿಟ್ಟೆ, ಅದು ಕಂದು ಬಣ್ಣದಲ್ಲೇ ಉಳಿಯಿತು. ಇದು ಸಾರವರ್ಧಿತ ಅಕ್ಕಿ, ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ12 ಜೀವಸತ್ವ ಬೆರೆಸಿ ಯಂತ್ರದಲ್ಲಿ ಒತ್ತಿ ಅಕ್ಕಿಯ ಆಕಾರಕ್ಕೆ ತಂದಿರುತ್ತಾರೆ, ನೂರು ಕಾಳಿಗೆ ಒಂದರಂತೆ ಬೆರೆಸುತ್ತಾರೆ, ಹಿಟ್ಟಿನಿಂದ ಮಾಡಿದ್ದರಿಂದ ಹಗುರವಾಗಿ ತೇಲುತ್ತದೆ ಎಂದು ವಿವರಿಸಿದೆ. ಅವರ ಮುಖ ಗೆಲುವಾಯಿತು. ಆದರೆ ಮರುಗಳಿಗೆಯೇ ಇನ್ನೊಂದು ಪ್ರಶ್ನೆ ಬಂತು: “ಹಾಗಾದರೆ ನಾವು ತಿನ್ನುವ ಅನ್ನಕ್ಕೆ ಔಷಧಿ ಬೆರೆಸಿದ್ದಾರೆ ಎಂದಾಯಿತು. ನಮಗೆ ಯಾಕೆ ಹೇಳಲಿಲ್ಲ?”

ಮೊದಲ ಪ್ರಶ್ನೆಗೆ ಅಯೋಡಿನ್ ಉತ್ತರ ಕೊಟ್ಟಿತು. ಎರಡನೆಯದಕ್ಕೆ ಉತ್ತರ ಕೊಡಬೇಕಾದವರು ನೀವು. ಸಾರವರ್ಧಿತ ಅಕ್ಕಿಯನ್ನು ದೇಶದ ಪಡಿತರ ವ್ಯವಸ್ಥೆಗೆಲ್ಲ ತರುವುದಾಗಿ 2021ರ ಸ್ವಾತಂತ್ರ್ಯ ದಿನದಂದು ಘೋಷಣೆಯಾಯಿತು. ರಕ್ತಹೀನತೆ ನಮ್ಮ ಹೆಣ್ಣುಮಕ್ಕಳನ್ನು ಹಿಂಡುತ್ತಿರುವುದು ನಿಜ, ತರಗತಿಯಲ್ಲಿ ತಲೆಸುತ್ತಿ ಕೂರುವ ಹುಡುಗಿಯರನ್ನು ನಾನೇ ನೋಡುತ್ತಿದ್ದೇನೆ. ಆದರೂ ಈ ಅಕ್ಕಿಯ ಬಗ್ಗೆ ವಿಜ್ಞಾನಿಗಳ ನಡುವೆಯೇ ಚರ್ಚೆ ನಡೆದಿದೆ. ಥಲಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವವರು ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕೆಂಬ ಎಚ್ಚರಿಕೆಯನ್ನು ಚೀಲದ ಮೇಲೆ ಮುದ್ರಿಸಬೇಕೆಂಬ ನಿಯಮ ಇತ್ತು. ಅಪಾಯಕ್ಕೆ ಪುರಾವೆಯಿಲ್ಲವೆಂಬ ಸಮಿತಿಯ ಅಭಿಪ್ರಾಯದ ಮೇಲೆ 2024ರಲ್ಲಿ ಅದನ್ನು ಕೈಬಿಡಲಾಯಿತು. ಎಚ್.ಡಿ. ಕೋಟೆಯ ಕಾಡಂಚಿನ ಆದಿವಾಸಿ ಹಾಡಿಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಎಂಬ ಇನ್ನೊಂದು ಆನುವಂಶಿಕ ಕಾಯಿಲೆ ಇರುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಲ್ಲಿನ ತಾಯಿಯೊಬ್ಬಳು ಇದೇ ಪ್ರಶ್ನೆ ಕೇಳಿದರೆ, ಸಮಿತಿ ಏನು ನೋಡಿತು, ಯಾಕೆ ಹಾಗೆ ತೀರ್ಮಾನಿಸಿತು ಎಂದು ಕನ್ನಡದಲ್ಲಿ ಕೂತು ಹೇಳುವವರು ಯಾರು? ಆಹಾರ ತಂತ್ರಜ್ಞಾನದ ರಾಷ್ಟ್ರೀಯ ಪ್ರಯೋಗಾಲಯ 1950ರಿಂದ ಮೈಸೂರಿನಲ್ಲೇ ಇದೆ. ಅದರ ಗೇಟಿನಿಂದ ಪಡಿತರದ ಸಾಲಿಗೆ ಎಷ್ಟು ದೂರ?

ನಂಬಿಕೆಯನ್ನು ಗಳಿಸುವ ಕೆಲಸ ಈ ಊರಿಗೆ ಹೊಸದಲ್ಲ. ಐರ್ಲೆಂಡ್ ಮೂಲದ ಕಲಾವಿದ ಥಾಮಸ್ ಹಿಕಿ 1805ರಲ್ಲಿ ಬಿಡಿಸಿದ ಒಂದು ವರ್ಣಚಿತ್ರದಲ್ಲಿ ಮೂವರು ಸ್ತ್ರೀಯರಿದ್ದಾರೆ. ಬಹುಕಾಲ ಅವರನ್ನು ನರ್ತಕಿಯರೆಂದು ತಿಳಿಯಲಾಗಿತ್ತು. ಇವರು ಮೈಸೂರಿನ ರಾಜಮನೆತನದ ಹೆಂಗಸರು, ಮುಮ್ಮಡಿ ಕೃಷ್ಣರಾಜ ಒಡೆಯರ ಇಬ್ಬರು ಎಳೆಯ ರಾಣಿಯರು ಮತ್ತು ನಡುವೆ ಅಜ್ಜಿ ಲಕ್ಷ್ಮಮ್ಮಣ್ಣಿಯವರು ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಬಲಗಡೆಯ ರಾಣಿ ಸೀರೆಯನ್ನು ಸರಿಸಿ ತೋಳನ್ನು ತೋರಿಸುತ್ತಿದ್ದಾರೆ. ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ಅದು ಎಂಬುದು ಚಾನ್ಸೆಲರ್ ಅವರ ವಿವರಣೆ. ಎಡಗಡೆಯ ರಾಣಿಯ ಮೂಗು, ಬಾಯಿಯ ಸುತ್ತಲ ಮಚ್ಚೆ ಲಸಿಕೆಗೂ ಹಿಂದಿನ ಪದ್ಧತಿಯ ಗುರುತಂತೆ. ಸಿಡುಬಿನ ಕೀವನ್ನೇ ಅಳತೆಯಲ್ಲಿ ಮೈಗೆ ಸೋಂಕಿಸುತ್ತಿದ್ದ ಪದ್ಧತಿ ಅದು.

ಆ ಕಾಲದಲ್ಲಿ ಲಸಿಕೆಗೆ ಹೆದರುವುದಕ್ಕೆ ಕಾರಣಗಳಿದ್ದವು. ಭಾರತಕ್ಕೆ ಲಸಿಕೆ ಬಂದದ್ದು 1802ರಲ್ಲಿ. ಶೀಶೆಯಲ್ಲಿಟ್ಟು ಕಾಪಾಡುವ ವ್ಯವಸ್ಥೆ ಇರಲಿಲ್ಲ. ಒಬ್ಬರ ತೋಳಿನ ಗುಳ್ಳೆಯ ರಸವನ್ನು ಇನ್ನೊಬ್ಬರ ತೋಳಿಗೆ ಹಚ್ಚಬೇಕಿತ್ತು. ಯಾವ ಜಾತಿಯವರ ಮೈಯಿಂದ ಬಂದದ್ದೋ ಎಂಬ ಅಳುಕು, ಯಾವ ರೋಗ ಜತೆಗೆ ಬರುವುದೋ ಎಂಬ ಭಯ, ತಂದವರು ಪರದೇಶದ ಕಂಪನಿಯವರು ಎಂಬ ಶಂಕೆ ಎಲ್ಲವೂ ಇದ್ದವು. ಆ ಚಿತ್ರ ಬಿಡಿಸುವ ಹೊತ್ತಿಗೆ ಟಿಪ್ಪು ಮಡಿದು ಆರು ವರ್ಷವಷ್ಟೇ ಆಗಿತ್ತು, ಕಂಪನಿಯನ್ನು ನಂಬಬೇಕೆಂದು ಜನರಿಗೆ ಹೇಳುವ ಮುಖ ಯಾರಿಗಿತ್ತು? ಚಾನ್ಸೆಲರ್ ಅವರ ವಿವರಣೆ ಸರಿಯಾದರೆ, ಜನರ ಮುಂದೆ ಬಂದದ್ದು ತನ್ನ ಗಂಡನನ್ನು ಸಿಡುಬಿಗೆ ಕಳೆದುಕೊಂಡ ಮನೆಯ ಹಿರಿಯಾಕೆ ಮತ್ತು ತಾನೇ ಚುಚ್ಚಿಸಿಕೊಂಡ ತೋಳು. ಲಸಿಕೆ ಒಳ್ಳೆಯದೆಂದು ಘೋಷಿಸಿದರೆ ಸಾಲದು, ಅಪಾಯದಲ್ಲಿ ತಾವೂ ಪಾಲು ತೆಗೆದುಕೊಂಡೆವೆಂದು ಕಾಣಿಸಬೇಕು ಎಂಬ ತಿಳಿವಳಿಕೆ ಅವರಿಗಿತ್ತು.

ಈಗ ವೇದಿಕೆಯ ಕಡೆಗೆ ಬರುತ್ತೇನೆ. ಈ ಮಾತು ನಿಮಗೆ ಕಹಿಯಾಗಬಹುದು, ಆದರೂ ಹೇಳಬೇಕು.

2016ರ ಜನವರಿಯಲ್ಲಿ ದೇಶದ ವಿಜ್ಞಾನಿಗಳ ಸಮ್ಮೇಳನವಾದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 103ನೇ ಅಧಿವೇಶನ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ನಡೆಯಿತು. ಶಿವನನ್ನು ಜಗತ್ತಿನ ಅತಿ ದೊಡ್ಡ ಪರಿಸರವಾದಿ ಎಂದು ಬಣ್ಣಿಸುವ ಪ್ರಬಂಧ ಅಲ್ಲಿನ ಪಟ್ಟಿಯಲ್ಲಿತ್ತು. ಶಂಖ ಊದುವುದರಿಂದ ಆರೋಗ್ಯಕ್ಕಾಗುವ ಲಾಭಗಳ ಬಗ್ಗೆಯೂ ಪ್ರಬಂಧವಿತ್ತು, ಸಭೆಯಲ್ಲಿ ಶಂಖವನ್ನೂ ಊದಲಾಯಿತು. ಅದಕ್ಕೆ ಹಿಂದಿನ ವರ್ಷ ಮುಂಬಯಿಯ ಅಧಿವೇಶನದಲ್ಲಿ ಪ್ರಾಚೀನ ಭಾರತದ ವಿಮಾನಗಳ ಬಗ್ಗೆ ಉಪನ್ಯಾಸವಾಗಿತ್ತು. ಇಂಥ ಅಧಿವೇಶನಕ್ಕೆ ತಾವು ಇನ್ನು ಬರುವುದಿಲ್ಲವೆಂದು ನೊಬೆಲ್ ಪುರಸ್ಕೃತ ವೆಂಕಟರಾಮನ್ ರಾಮಕೃಷ್ಣನ್ ಮೈಸೂರಿನ ಅಧಿವೇಶನ ನಡೆದ ವಾರವೇ ಬಹಿರಂಗವಾಗಿ ಹೇಳಿದರು. ಶಿವನ ಮೇಲಿನ ಭಕ್ತಿಗೂ ನನಗೂ ಜಗಳವಿಲ್ಲ, ನಂಜನಗೂಡಿನ ರಥೋತ್ಸವಕ್ಕೆ ನಾನೂ ಹೋಗುತ್ತೇನೆ. ಭಕ್ತಿಯನ್ನು ತಂದು ವಿಜ್ಞಾನ ಕಾಂಗ್ರೆಸ್ಸಿನ ಪ್ರಬಂಧವಾಗಿಸಿದರೆ ಭಕ್ತಿಗೂ ಅವಮಾನ, ವಿಜ್ಞಾನಕ್ಕೂ ಅವಮಾನ. ಇದನ್ನು ಆತಿಥೇಯ ನಗರದ ವಿಜ್ಞಾನಿಗಳಾಗಿ ಸಂಸ್ಥೆಯ ಹೆಸರಿನಲ್ಲಿ, ಸಹಿ ಹಾಕಿ, ಕನ್ನಡದಲ್ಲಿ ಹೇಳಬೇಕಿತ್ತು.

ಪ್ರಾಚೀನ ವಿಮಾನದ ಕಥೆಗಂತೂ ಮೈಸೂರಿನ ನಂಟೇ ಇದೆ. ಭರದ್ವಾಜ ಮಹರ್ಷಿಯದೆಂದು ಹೇಳಲಾಗುವ ವೈಮಾನಿಕ ಶಾಸ್ತ್ರವೆಂಬ ಸಂಸ್ಕೃತ ಗ್ರಂಥವನ್ನು ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ನಡುವೆ ಹೇಳಿ ಬರೆಸಿದ್ದು. ಅದರ ಇಂಗ್ಲಿಷ್ ಅನುವಾದ 1973ರಲ್ಲಿ ಮೈಸೂರಿನಿಂದಲೇ ಪ್ರಕಟವಾಯಿತು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದನ್ನು ಓದಿ, ರೇಖಾಚಿತ್ರಗಳನ್ನು ಪರಿಶೀಲಿಸಿ, ಭಾಷೆಯನ್ನೂ ಗಮನಿಸಿ ವರದಿ ಬರೆದರು: ಪಠ್ಯ 1904ಕ್ಕಿಂತ ಹಳೆಯದಲ್ಲ, ಅದರಲ್ಲಿ ವರ್ಣಿಸಿರುವ ವಿಮಾನಗಳಲ್ಲಿ ಯಾವುದಕ್ಕೂ ಹಾರುವ ಗುಣವಿಲ್ಲ. ಅವರು ಪಠ್ಯವನ್ನು ನೋಡದೆ ತಳ್ಳಿಹಾಕಲಿಲ್ಲ, ನೋಡಿ ತೀರ್ಪು ಕೊಟ್ಟರು. ಆ ವರದಿಯ ಸಾರ ನಲವತ್ತು ವರ್ಷಗಳಲ್ಲಿ ನಮ್ಮ ಶಾಲೆಗಳಿಗೆ ತಲುಪಿದ್ದರೆ, 2015ರ ಉಪನ್ಯಾಸದ ವಿಡಿಯೊ ನೋಡಿಕೊಂಡು ಬಂದ ನನ್ನ ವಿದ್ಯಾರ್ಥಿಗಳಿಗೆ ಎಲ್ಲವನ್ನೂ ಮೊದಲಿನಿಂದ ಹೇಳುವ ಪ್ರಮೇಯ ಬರುತ್ತಿರಲಿಲ್ಲ.

ಪ್ರಾಚೀನ ಜ್ಞಾನವನ್ನು ಗೌರವಿಸುವ ಬಗೆ ಯಾವುದೆಂದು ತೋರಿಸಿದ್ದೂ ಇದೇ ಮೈಸೂರು. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಓರಿಯೆಂಟಲ್ ಲೈಬ್ರರಿಗೆ ಒಪ್ಪಿಸಿದ ತಾಳೆಗರಿಗಳ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. ಗ್ರಂಥ ಲಿಪಿಯನ್ನು ಓದಿ, ಸಂಪಾದಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಅಂದಿನಿಂದ ಇಂದಿನವರೆಗೆ ಅದರ ಕಾಲ, ಕರ್ತೃತ್ವ, ಪಾಠ ಎಲ್ಲದರ ಬಗ್ಗೆ ವಿದ್ವಾಂಸರು ವಾದಿಸುತ್ತಲೇ ಇದ್ದಾರೆ. ಇಷ್ಟೆಲ್ಲ ಪ್ರಶ್ನೆಗಳನ್ನು ತಾಳಿಕೊಂಡೂ ಆ ಗ್ರಂಥದ ಬೆಲೆ ಹೆಚ್ಚಿದೆ. ಓಲೆ ಎಲ್ಲಿದೆ, ಯಾವ ಲಿಪಿ, ಯಾರು ನಕಲು ಮಾಡಿದರು ಎಂದು ಕೇಳುವ ಸಂಸ್ಕೃತ ಪಂಡಿತರೂ ನೀವೂ ಒಂದೇ ಕುಲದವರು. ಅವರನ್ನು ವಿಜ್ಞಾನದ ವಿರೋಧಿಗಳ ಗುಂಪಿಗೆ ಸೇರಿಸುವ ತಪ್ಪನ್ನು ದಯವಿಟ್ಟು ಮಾಡಬೇಡಿ. ವಿಮಾನದ ಕಥೆಗೆ ಉತ್ತರ ಹೇಳುವಾಗ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಇನ್ನು ಬೇಬಿ ಬೆಟ್ಟ. ಪಾಂಡವಪುರ ತಾಲ್ಲೂಕಿನ ಈ ಬೆಟ್ಟ ಕೃಷ್ಣರಾಜಸಾಗರದಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿದೆ. ಕಲ್ಲು ಗಣಿಗಾರಿಕೆಯ ಸ್ಫೋಟದಿಂದ ಅಣೆಕಟ್ಟೆಗೆ ಧಕ್ಕೆಯಾಗುತ್ತದೆಯೇ ಎಂದು ತಿಳಿಯಲು 2022ರ ಜುಲೈನಲ್ಲಿ ಜಾರ್ಖಂಡಿನಿಂದ ವಿಜ್ಞಾನಿಗಳ ತಂಡ ಪರೀಕ್ಷಾರ್ಥ ಸ್ಫೋಟಕ್ಕೆ ಬಂತು. ರೈತರು ರಸ್ತೆಗಿಳಿದು ಹಿಂದಕ್ಕೆ ಹೋಗಿ ಎಂದು ಕೂಗಿದರು, ಸ್ಫೋಟ ನಿಂತಿತು. ಮಂಡ್ಯದ ರೈತರಿಗೆ ವಿಜ್ಞಾನವೇ ಬೇಡವಾಯಿತೇ ಎಂದು ಆಗ ನನ್ನ ಸಹೋದ್ಯೋಗಿಗಳಲ್ಲಿಯೇ ಕೆಲವರು ಬೇಸರಪಟ್ಟರು. ಆದರೆ ರೈತರು ಕೈಯಲ್ಲಿ ಹಿಡಿದಿದ್ದ ಆಧಾರವೂ ವಿಜ್ಞಾನದ್ದೇ. 2018ರ ಸೆಪ್ಟೆಂಬರಿನಲ್ಲಿ ಭಾರಿ ಸದ್ದು ಕೇಳಿಬಂದಾಗ ಕೆಆರ್‌ಎಸ್‌ನಲ್ಲಿನ ಭೂಕಂಪ ಮಾಪಕದಲ್ಲಿ ಕಂಪನ ದಾಖಲಾಗಿತ್ತು, ಗಣಿ ಸ್ಫೋಟಗಳಿಂದ ಅಣೆಕಟ್ಟೆಗೆ ಅಪಾಯವಾಗಬಹುದೆಂದು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೇ ವರದಿ ಕೊಟ್ಟಿತ್ತು. ಸಿಮೆಂಟಿನ ಬದಲು ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದ ಅಣೆಕಟ್ಟೆ ಅದು. ಅದರ ನೀರನ್ನು ನಂಬಿ ಭತ್ತ, ಕಬ್ಬು ಬೆಳೆಯುವವರು, ಈ ಪರೀಕ್ಷೆ ಯಾರಿಗೋಸ್ಕರ, ಇದರ ಫಲಿತಾಂಶವನ್ನು ಗಣಿಗೆ ಅನುಮತಿ ಕೊಡಲು ಬಳಸುವುದಿಲ್ಲವೆಂಬ ಖಾತ್ರಿ ಏನು ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ಹೈಕೋರ್ಟ್ 2024ರ ಜನವರಿಯಲ್ಲಿ ನಿರ್ಬಂಧಿಸಿದ್ದನ್ನು ನೋಡಿದರೆ ಅವರ ಆತಂಕ ಪೊಳ್ಳಾಗಿರಲಿಲ್ಲ ಎಂಬುದು ತಿಳಿಯುತ್ತದೆ.

ವಿಜ್ಞಾನದ ಟೀಕಾಕಾರರೆಂದರೆ ಎಲ್ಲರೂ ಒಂದೇ ಅಲ್ಲ ಎಂಬುದಕ್ಕೆ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಒಂದು ಗದ್ದೆಯೇ ಸಾಕ್ಷಿಯಾಗಿದೆ. ರೈತ ಸೈಯದ್ ಘನಿ ಖಾನ್ ಅಲ್ಲಿ ನೂರಾರು ದೇಶಿ ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಹಸಿರು ಕ್ರಾಂತಿಯ ದಾರಿಯನ್ನು ಅವರು ಒಪ್ಪಲಿಲ್ಲ. ಒಪ್ಪದವರು ಮಾಡಿದ್ದೇನು? ತಳಿ ತಳಿಗೂ ಬೇರೆ ಮಡಿ ಮಾಡಿ, ಒಂದರ ಬೀಜ ಇನ್ನೊಂದಕ್ಕೆ ಬೆರೆಯದಂತೆ ನೋಡಿಕೊಂಡು, ವರ್ಷ ವರ್ಷ ಬಿತ್ತಿ ಬೆಳೆದರು. ಇಂಥವರನ್ನು ಸಮ್ಮೇಳನಕ್ಕೆ ಕರೆದು ಶಾಲು ಹೊದಿಸಿ ಕಳಿಸುವುದರ ಬದಲು ನಿಮ್ಮ ಸಂಶೋಧನೆಯ ಪ್ರಶ್ನೆಗಳನ್ನು ಅವರ ಜತೆ ಕೂತು ರೂಪಿಸಿದರೆ ಎಷ್ಟು ಚೆನ್ನ.

ಗಟ್ಟಿಯಾಗಿ ಕೇಳಬೇಕಾದ ಕಡೆ ಕೇಳಿದವರೂ ನಮ್ಮಲ್ಲಿ ಇದ್ದರು. ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸುವ ಸಮಿತಿ ರಚಿಸಿದರು. ಆ ಕಾಲದ ಅತ್ಯಂತ ಪ್ರಭಾವಶಾಲಿ ಧರ್ಮಗುರುಗಳಲ್ಲಿ ಒಬ್ಬರಾದ ಸತ್ಯಸಾಯಿ ಬಾಬಾ ಅವರಿಗೇ ಪತ್ರ ಬರೆದು ಪರೀಕ್ಷೆಗೆ ಆಹ್ವಾನಿಸಿದರು. ಉತ್ತರ ಬರಲಿಲ್ಲ, ವಿರೋಧ ಸಾಕಷ್ಟು ಬಂತು. ಅವರು ಆರಿಸಿಕೊಂಡದ್ದು ತಾಯತ ಕಟ್ಟಿಕೊಂಡ ಬಡವನನ್ನಲ್ಲ ಎಂಬುದನ್ನು ನೆನೆದಾಗಲೆಲ್ಲ ನನಗೆ ಗೌರವ ಇಮ್ಮಡಿಯಾಗುತ್ತದೆ. ಉಪವಾಸ, ತಾಯತ, ಹರಕೆಗಳ ಹಿಂದೆ ಬಹಳ ಸಲ ಆಸ್ಪತ್ರೆ ದೂರವಿರುವ ಸಂಕಟ ಇರುತ್ತದೆ. ಪವಾಡವನ್ನು ಪ್ರದರ್ಶಿಸುವವರ ಹಿಂದೆ ಇರುವುದು ಅಧಿಕಾರ.

ಹಾಗಾದರೆ ನೀವು ಏನು ಮಾಡಬೇಕೆಂದು ನಾನು ಬಯಸುತ್ತೇನೆ? ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು 1930ರ ದಶಕದಲ್ಲಿ ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಮಾಡುತ್ತಿದ್ದರು. ಆ ಉಪನ್ಯಾಸಗಳು ಕಡಿಮೆ ಬೆಲೆಯ ಪುಟ್ಟ ಪುಸ್ತಕಗಳಾಗಿ ಹೊರಬಂದವು. ಆಗ ಎಷ್ಟೋ ಊರುಗಳಿಗೆ ಸರಿಯಾದ ರಸ್ತೆಯಿರಲಿಲ್ಲ, ಈಗ ಬಹುತೇಕ ಹಳ್ಳಿಗಳಿಗೆ ಬಸ್ಸಿದೆ. ಆ ಪರಿಪಾಠವನ್ನು ನಿಮ್ಮೆಲ್ಲ ಸಂಸ್ಥೆಗಳು ಸೇರಿ ಮತ್ತೆ ಶುರುಮಾಡಿ. ಭಾಷಣ ಚಿಕ್ಕದಿರಲಿ, ಪ್ರಶ್ನೆಗೆ ಬಿಡುವ ಹೊತ್ತು ದೊಡ್ಡದಿರಲಿ. ಸಭಾಂಗಣ ಬೇಡ, ಪಡಿತರ ಅಂಗಡಿಯ ಮುಂದೆ, ಹಾಲಿನ ಡೇರಿಯ ಕಟ್ಟೆಯ ಮೇಲೆ, ಸಂತೆಯ ದಿನ ನಡೆಯಲಿ. ಜನರ ಅನ್ನ, ನೀರು, ಔಷಧಿಗೆ ಸಂಬಂಧಿಸಿದ ಯಾವುದೇ ಹೊಸ ಕ್ರಮ ಜಾರಿಗೆ ಬಂದಾಗ ಅದರ ಲಾಭ, ಅದರ ಮಿತಿ, ಯಾರು ಎಚ್ಚರದಿಂದಿರಬೇಕು ಎಂಬುದನ್ನು ಒಂದೇ ಹಾಳೆಯಲ್ಲಿ, ತಿಳಿಗನ್ನಡದಲ್ಲಿ, ಕೆಳಗೆ ವಿಜ್ಞಾನಿಯ ಹೆಸರು ಹಾಕಿ ಪ್ರಕಟಿಸಿ. ಸಂಶೋಧನೆಗೆ ಹಣ ಯಾರು ಕೊಟ್ಟರೆಂಬುದನ್ನು ಕೇಳುವ ಮೊದಲೇ ಹೇಳಿ, ಬೇಬಿ ಬೆಟ್ಟದಲ್ಲಿ ಕೂಗಾಟಕ್ಕೆ ಕಾರಣವಾದ ಅರ್ಧ ಸಂಶಯ ಅಲ್ಲಿಗೇ ಇಳಿಯುತ್ತದೆ. ಮಂತ್ರಿಯೋ ಸ್ವಾಮೀಜಿಯೋ ಉದ್ಯಮಿಯೋ ವಿಜ್ಞಾನದ ಹೆಸರಿನಲ್ಲಿ ಆಧಾರವಿಲ್ಲದ ಮಾತಾಡಿದರೆ, ಅದು ತಪ್ಪೆಂದು ಅದೇ ವಾರದಲ್ಲಿ ಸಂಸ್ಥೆಯ ಕಾಗದದ ಮೇಲೆ ಬರೆದು ಪತ್ರಿಕೆಗಳಿಗೆ ಕೊಡಿ. ಸರ್ಕಾರಿ ನೌಕರರಾದ ನಿಮಗೆ ಇದು ಸುಲಭವಲ್ಲ ಎಂದು ನನಗೆ ಗೊತ್ತು, ನಾನೂ ಸರ್ಕಾರದ ಸಂಬಳದಲ್ಲೇ ಇರುವವಳು. ಒಬ್ಬೊಬ್ಬರೇ ಹೇಳುವುದು ಕಷ್ಟ, ಇಷ್ಟೊಂದು ಸಂಸ್ಥೆಗಳು ಒಟ್ಟಿಗೆ ಸಹಿ ಹಾಕಿದರೆ ಯಾರನ್ನೆಂದು ವರ್ಗ ಮಾಡುತ್ತಾರೆ?

ಮೊದಲ ಸಭೆಗೆ ನಮ್ಮ ಶಾಲೆಯ ಅಂಗಳವನ್ನು ಬಿಟ್ಟುಕೊಡಲು ಸಿದ್ಧರಿದ್ದೇವೆ. ಶನಿವಾರ ಮಧ್ಯಾಹ್ನ ತರಗತಿ ಮುಗಿದ ಮೇಲೆ ಅನುಕೂಲ. ಸುತ್ತಲ ಹಳ್ಳಿಗಳಿಗೆ ಸುದ್ದಿ ಮುಟ್ಟಿಸುವ ಜವಾಬ್ದಾರಿ ನಮ್ಮದು, ಅಯೋಡಿನ್ ನಮ್ಮಲ್ಲಿದೆ. ಅಕ್ಕಿಯ ವಿಷಯ ಬಲ್ಲ ಆಹಾರ ವಿಜ್ಞಾನಿಯೊಬ್ಬರನ್ನೂ ರಕ್ತದ ಕಾಯಿಲೆ ಬಲ್ಲ ವೈದ್ಯರೊಬ್ಬರನ್ನೂ ಕಳುಹಿಸಿಕೊಡಿ. ಬರುವ ದಿನಾಂಕವನ್ನು ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಮೂಲಕ ತಿಳಿಸಿದರೆ ನಮಗೆ ತಲುಪುತ್ತದೆ.

ಇಂತಿ ವಿಶ್ವಾಸಿ,
ಪ್ರೌಢಶಾಲೆಯ ಒಬ್ಬ ವಿಜ್ಞಾನ ಶಿಕ್ಷಕಿ
ಶ್ರೀರಂಗಪಟ್ಟಣ ತಾಲ್ಲೂಕು, ಮಂಡ್ಯ ಜಿಲ್ಲೆ